ಅರಣ್ಯದಲ್ಲಿ ನಡೆದ ಕೈಕೆಲಸ

ಓದತಕ್ಕ ಭಾಗ: ವಿಮೋಚನಕಾಂಡ 35ನೆಯ ಅಧ್ಯಾಯ, 20ನೆಯ ವಚನ ಮೊದಲುಗೊಂಡು 35ನೆಯ ವಚನದ ವರೆಗೆ.



ಇಸ್ರಾಯೇಲ್ಯರು ಐಗುಪ್ತದಿಂದ ಹೊರಟುಬಂದ ಸಂಗತಿಯನ್ನು ನಾವು ಚಿಕ್ಕವರಾಗಿದ್ದಾಗಿನಿಂದಲೂ ಕೇಳುತ್ತಾ ಬಂದಿರುವೆವು. ಸಮುದ್ರವು ಇಬ್ಭಾಗವಾದದ್ದು, ಬಂಡೆಯಿಂದ ನೀರು ಹೊರಟದ್ದು, ಆಕಾಶದಿಂದ ಮನ್ನ ಸುರಿದದ್ದು, ಇವುಗಳ ಮೇಲೆ ಪ್ರಸಂಗಗಳು ಬಹಳ ಉಂಟು. ಆದರೆ ದೇವದರ್ಶನದ ಗುಡಾರದ ಪರದೆ, ಕುಣಿಕೆ, ಕೊಂಡಿ, ಹಲಗೆ ಇವುಗಳ ಅಳತೆಗಳನ್ನು ಹೇಳುವ ಅಧ್ಯಾಯಗಳು ಬಂದಾಗ ನಮ್ಮಲ್ಲಿ ಅನೇಕರು ಹಾಳೆಯನ್ನು ಬೇಗನೆ ತಿರುವಿಬಿಡುವೆವು. ನೇಕಾರನಾಗಲಿ ಬಡಗಿಯಾಗಲಿ ಹಾಗೆ ಮಾಡಲಾರನು. ಇಪ್ಪತ್ತೆಂಟು ಮೊಳ ಉದ್ದ, ನಾಲ್ಕು ಮೊಳ ಅಗಲದ ಹತ್ತು ನಾರುಬಟ್ಟೆಯ ಪರದೆಗಳು; ಅವುಗಳ ಮೇಲೆ ಹೊದಿಸುವದಕ್ಕೆ ಮೂವತ್ತು ಮೊಳ ಉದ್ದದ ಹನ್ನೊಂದು ಮೇಕೆಗೂದಲಿನ ಪರದೆಗಳು ಎಂದು ಓದುವಾಗಲೇ, ಇದಕ್ಕೆ ಎಷ್ಟು ನೂಲು ಬೇಕು, ಎಷ್ಟು ಕೈ ಬೇಕು, ಎಷ್ಟು ದಿನ ಬೇಕು ಎಂದು ಅವನ ಮನಸ್ಸು ಲೆಕ್ಕಹಾಕುವದು.

ಇಂಥ ಕೆಲಸವು ಯಾವ ಕಾಲದಲ್ಲಿ ನಡೆಯಿತೆಂಬದನ್ನು ಯೋಚಿಸಿರಿ. ಆ ಜನರು ಒಂದು ದೇಶವನ್ನು ಬಿಟ್ಟಿದ್ದರು, ಇನ್ನೊಂದು ದೇಶವನ್ನು ಸೇರಿರಲಿಲ್ಲ. ಅವರಿಗೆ ಮನೆ ಇಲ್ಲ, ಹೊಲ ಇಲ್ಲ, ಆ ಬೆಟ್ಟದ ಬುಡದಲ್ಲಿ ಇನ್ನೆಷ್ಟು ದಿನ ಇರಬೇಕೆಂಬದೂ ಗೊತ್ತಿಲ್ಲ. ಅಂಥ ಸ್ಥಿತಿಯಲ್ಲಿ ನಾವಾಗಿದ್ದರೆ, “ಮೊದಲು ಕಾನಾನನ್ನು ಸೇರೋಣ, ಬೇರು ಬಿಡೋಣ, ಕಸೂತಿ ಕೆತ್ತನೆಗಳನ್ನು ಆಮೇಲೆ ನೋಡಿಕೊಳ್ಳೋಣ” ಎಂದು ಹೇಳುತ್ತಿದ್ದೆವು, ಹಾಗೆ ಹೇಳುವವನು ಬುದ್ಧಿವಂತನೆಂದು ಊರೆಲ್ಲಾ ಒಪ್ಪುತ್ತಿತ್ತು. ಆದರೆ ಕರ್ತನು ಕಾನಾನಿನ ತನಕ ಕಾಯಲಿಲ್ಲ. ಯೆಹೂದ ಕುಲದ ಬೆಚಲೇಲನನ್ನೂ ದಾನ್ ಕುಲದ ಒಹೊಲೀಯಾಬನನ್ನೂ ಆ ಬೆಂಗಾಡಿನಲ್ಲಿಯೇ ಹೆಸರುಹಿಡಿದು ಕರೆದು, ಕೆತ್ತುವ, ನೇಯುವ, ಬುಟೇದಾರಿ ಹಾಕುವ ಜಾಣತನವನ್ನು ತನ್ನ ಆತ್ಮನ ವರವಾಗಿ ಕೊಟ್ಟನು. ಜನರು ಸೀನಾಯಿಗೆ ಬಂದದ್ದು ಹೊರಟ ವರುಷದ ಮೂರನೆಯ ತಿಂಗಳಲ್ಲಿ. ಗುಡಾರವು ಎದ್ದುನಿಂತದ್ದು ಎರಡನೆಯ ವರುಷದ ಮೊದಲನೆಯ ತಿಂಗಳಿನ ಮೊದಲನೆಯ ದಿನದಲ್ಲಿ. ನಡುವೆ ಮೋಶೆಯು ನಾಲ್ವತ್ತು ನಾಲ್ವತ್ತು ದಿನಗಳಂತೆ ಎರಡು ಸಾರಿ ಬೆಟ್ಟದ ಮೇಲಿದ್ದನು. ಇದನ್ನೆಲ್ಲಾ ಕಳೆದರೆ ಕೆಲಸಕ್ಕೆ ಉಳಿದದ್ದು ಏಳು ತಿಂಗಳಿಗಿಂತ ಹೆಚ್ಚಾಗದು. ಸಮಯವು ಎಲ್ಲಿಂದ ಬಂತು ಎಂದು ಕೇಳಿದರೆ, ಮನ್ನವನ್ನು ನೆನೆಯಿರಿ. ಅದನ್ನು ಹೊತ್ತಾರೆ ಕೂಡಿಸಿಕೊಳ್ಳಬೇಕಾಗಿತ್ತು, ಬಿಸಿಲೇರಿದರೆ ಕರಗಿಹೋಗುತ್ತಿತ್ತು. ಉಳುವ ಕೆಲಸವಿಲ್ಲ, ಕೊಯ್ಯುವ ಕೆಲಸವಿಲ್ಲ. ಉಳಿದ ಹೊತ್ತು ಅವರ ಕೈಯಲ್ಲಿತ್ತು.

ನಮ್ಮ ಗ್ರಾಮಗಳಲ್ಲಿ ಈಗ ಎಷ್ಟೋ ಮನೆಗಳು ಇಂಥ ನಡುದಾರಿಯಲ್ಲಿವೆ. ಒಂದು ಮನೆಯ ಮಗನು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ. ತಂದೆತಾಯಿಗಳು ಹೊಲವನ್ನು ಪಾಲಿಗೆ ಕೊಡುವದೋ ಮಾರುವದೋ ತಾವೂ ಅವನ ಸಂಗಡ ಹೋಗುವದೋ ಎಂದು ತಿಳಿಯದೆ ಕೂತಿದ್ದಾರೆ. ಇನ್ನೊಂದು ಮನೆಗೆ ಪಾಯ ಹಾಕಿ ಎರಡು ವರುಷವಾಯಿತು, ಛಾವಣಿ ಇನ್ನೂ ಆಗಿಲ್ಲ. ಮತ್ತೊಂದರಲ್ಲಿ ಯಜಮಾನನು ತೀರಿಕೊಂಡು ಮನೆಯವರು ಲೆಕ್ಕಪತ್ರಗಳನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದಾರೆ. ಇವರೆಲ್ಲರ ಬಾಯಲ್ಲಿರುವದು ಒಂದೇ ಮಾತು: “ಇದೊಂದು ಮುಗಿಯಲಿ.” ಕೌದಿಗೆಂದು ಕೂಡಿಟ್ಟ ಹಳೇ ಸೀರೆಗಳ ಗಂಟು ಅಟ್ಟದ ಮೇಲೆ ಹಾಗೆಯೇ ಇರುವದು. ಚಾಪೆಗೆ ತಂದ ಕೇದಗೆಯ ಎಲೆ ಒಣಗಿ ಮುರಿಯುವದು. ಅಪ್ಪನು ಬಳಸುತ್ತಿದ್ದ ಉಳಿ, ಬಾಚಿಗಳಿಗೆ ತುಕ್ಕು ಹಿಡಿಯುವದು. ಇದೊಂದು ಮುಗಿದಾಗ ಮತ್ತೊಂದು ಹುಟ್ಟುವದಷ್ಟೆ.

ಕೈಗಳು ಮಾತ್ರ ಸುಮ್ಮನಿರುವದಿಲ್ಲ. ವಿಮೋಚನಕಾಂಡದ ಅಧ್ಯಾಯಗಳ ಕ್ರಮವನ್ನೇ ನೋಡಿರಿ. ಬೆಚಲೇಲನನ್ನು ಹೆಸರಿಸುವದು 31ನೆಯ ಅಧ್ಯಾಯದಲ್ಲಿ. ಅವನು ಕೆಲಸಕ್ಕೆ ಕೈ ಹಚ್ಚುವದು 36ನೆಯ ಅಧ್ಯಾಯದಲ್ಲಿ. ಇವೆರಡರ ನಡುವೆ, 32ನೆಯ ಅಧ್ಯಾಯದಲ್ಲಿ, ಚಿನ್ನದ ಬಸವನುಂಟು. ಮೋಶೆಯು ಬರುವದಕ್ಕೆ ತಡವಾಯಿತು, ಕಾಯುತ್ತಾ ಕೂತವರಿಗೆ ಮನಸ್ಸು ಕಂಗೆಟ್ಟಿತು, ಕಿವಿಯ ಮುರುವುಗಳನ್ನು ಬಿಚ್ಚಿಕೊಟ್ಟರು, ಆರೋನನು ಅದನ್ನು ಉಳಿಯಿಂದ ರೂಪಿಸಿದನು. ಅದೂ ಕೈಕೆಲಸವೇ! ಅದೇ ಜನರು, ಅದೇ ತರದ ಒಡವೆಗಳು, ಅದೇ ಕಾಯುವ ಕಾಲ. ಬಳಿಕ ಗುಡಾರದ ಕೆಲಸಕ್ಕೆ ಕರೆ ಬಂದಾಗ ಅದೇ ಗಂಡಸರೂ ಹೆಂಗಸರೂ ಕಡಗ, ಮುರುವು, ಉಂಗುರಗಳನ್ನು ತಂದೊಪ್ಪಿಸಿದರು. ತಡವಾಗುವ ಕಾಲವನ್ನು ಮನುಷ್ಯನು ಬರಿದಾಗಿ ಇಡಲಾರನು. ಏನನ್ನಾದರೂ ಅದರೊಳಗೆ ತುಂಬುವನು. ಈ ದಿನಗಳಲ್ಲಿ ನಾವು ಹೆಚ್ಚಾಗಿ ತುಂಬುತ್ತಿರುವದು ಏನನ್ನು ಎಂದು ಹೇಳಬೇಕಾಗಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಯ ನಾಲ್ವರೂ ನಾಲ್ಕು ಮೂಲೆಯಲ್ಲಿ ಕೂತು ಮೊಬೈಲು ನೋಡುವದನ್ನು ಸಭೆಯವರ ಮನೆಗಳಿಗೆ ಹೋದಾಗಲೆಲ್ಲಾ ಕಾಣುತ್ತೇವೆ. ಅದು ಪಾಪವೆಂದು ನಾವು ಅನ್ನುವದಿಲ್ಲ. ಆ ಎರಡು ತಾಸು ಕಳೆದ ಮೇಲೆ ಕೈಯಲ್ಲಿ ಏನು ಉಳಿಯಿತು ಎಂದು ಮಾತ್ರ ಕೇಳುತ್ತೇವೆ.

“ನಮ್ಮ ಹತ್ತಿರ ಸಾಮಾನು ಎಲ್ಲಿದೆ?” ಅನ್ನುವವರಿದ್ದಾರೆ. ಗುಡಾರದ ಹಲಗೆಗಳನ್ನು ಯಾವ ಮರದಿಂದ ಮಾಡಿದರು? ಲೆಬನೋನಿನ ದೇವದಾರು ಸೊಲೊಮೋನನ ಕಾಲಕ್ಕೆ ಬಂತು. ಅರಣ್ಯದಲ್ಲಿ ಸಿಕ್ಕಿದ್ದು ಜಾಲೀಮರ, ಬೆಂಗಾಡಿನಲ್ಲಿ ಮುಳ್ಳು ಹೊತ್ತು ಬೆಳೆಯುವ ಗಿಡ. ಅದರಿಂದಲೇ ಒಡಂಬಡಿಕೆಯ ಮಂಜೂಷವೂ ಆಯಿತು. ಸ್ತ್ರೀಯರು ಮೇಕೆಯ ಕೂದಲಿನಿಂದ ನೂತರು. ಅದು ಒರಟಾದ ಕೂದಲು, ಕುರಿಯ ಉಣ್ಣೆಯಷ್ಟು ಮೃದುವಲ್ಲ. ತಾಮ್ರದ ಗಂಗಾಳವನ್ನು ಹೆಂಗಸರ ಕನ್ನಡಿಗಳಿಂದ ಮಾಡಿದರು; ಆ ಕಾಲದಲ್ಲಿ ಕನ್ನಡಿ ಎಂದರೆ ಉಜ್ಜಿ ಹೊಳಪಿಟ್ಟ ಲೋಹ. ಧಾರವಾಡದ ಕಡೆಯ ನಮ್ಮ ಅಕ್ಕಂದಿರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಹರಿದ ಸೀರೆ, ಸವೆದ ಧೋತರ, ಮಗುವಿನ ಅಂಗಿಯ ತುಂಡು, ಇವುಗಳನ್ನು ಒಂದರ ಮೇಲೊಂದು ಹಾಸಿ ಸಾಲುಸಾಲಾಗಿ ಹೊಲಿದು ಮಾಡುವ ಕೌದಿಯು ಎಸೆಯತಕ್ಕದ್ದರಿಂದಲೇ ಹುಟ್ಟುವದು, ಇಡೀ ಮನೆಯನ್ನು ಚಳಿಗೆ ಹೊದಿಸುವದು.

ಗುಡಾರದಲ್ಲಿ ಇನ್ನೊಂದು ವಿಶೇಷವುಂಟು. ಅದರಲ್ಲಿ ಮಾಡಿದ್ದೆಲ್ಲಾ ಬಿಚ್ಚಿ ಹೊರುವದಕ್ಕೆ ತಕ್ಕದ್ದು. ಮಂಜೂಷಕ್ಕೆ ಬಳೆಗಳು, ಬಳೆಗಳಿಗೆ ಕೋಲುಗಳು. ಪರದೆಗಳಿಗೆ ಐವತ್ತು ಐವತ್ತು ಕುಣಿಕೆಗಳು, ಕೂಡಿಸುವದಕ್ಕೆ ಕೊಂಡಿಗಳು. ಗುಡಾರ ನಿಂತ ಐವತ್ತು ದಿನಗಳೊಳಗೆ, ಎರಡನೆಯ ತಿಂಗಳಿನ ಇಪ್ಪತ್ತನೆಯ ದಿನ, ಮೇಘವು ಮೇಲಕ್ಕೆ ಎದ್ದಿತು, ಅವರು ಎಲ್ಲವನ್ನೂ ಬಿಚ್ಚಿ ಹೊತ್ತು ಹೊರಟರು. ಇಷ್ಟು ಬೇಗ ಹೊರಡುವದಿದ್ದರೆ ಇಷ್ಟೊಂದು ಕೆಲಸ ಯಾಕೆ ಎಂದು ಯಾರಾದರೂ ಗೊಣಗಿರಬಹುದು. ಗೊಣಗುವದರಲ್ಲಿ ಆ ಜನರು ಹಿಂದೆ ಬಿದ್ದವರಲ್ಲ. ಆದರೆ ಮನೆ ಬದಲಿಸುವವರು ಇದರಿಂದ ಕಲಿಯಬಹುದು. ಬಾಡಿಗೆಯ ಕೋಣೆಗೆ ಹೋಗುವ ಹುಡುಗಿಯು ಮಗ್ಗವನ್ನು ಹೊತ್ತುಕೊಂಡು ಹೋಗಲಾರಳು. ಸೂಜಿ ದಾರವನ್ನು ಒಯ್ಯಬಹುದು.

ಈಗ ಹೇಳಬೇಕಾದ ಮಾತು ಕಷ್ಟದ್ದು. ನಮ್ಮಲ್ಲಿ ಅನೇಕ ಕುಟುಂಬಗಳು ಹಿರಿಯರ ಕಸಬನ್ನು ಬಿಟ್ಟದ್ದು ಸಮಯವಿಲ್ಲದೆ ಅಲ್ಲ, ನಾಚಿಕೆಯಿಂದ. ತೊಗಲು ಹದಮಾಡುವದು, ಹಗ್ಗ ಹೊಸೆಯುವದು, ಬುಟ್ಟಿ ಹೆಣೆಯುವದು, ಇವು ಕೀಳು ಎಂದು ಊರು ಹೇಳಿತು. ನಾವು ಊರನ್ನು ನಂಬಿದೆವು. ಕ್ರಿಸ್ತನನ್ನು ನಂಬಿದ ಮೇಲೂ ಈ ವಿಷಯದಲ್ಲಿ ಊರನ್ನೇ ನಂಬಿಕೊಂಡಿದ್ದೇವೆ. ಇಸ್ರಾಯೇಲ್ಯರು ನಾರುಬಟ್ಟೆ ನೇಯುವದನ್ನು, ಲೋಹ ಬಡಿಯುವದನ್ನು ಎಲ್ಲಿ ಕಲಿತಿರಬೇಕು? ದಾಸರಾಗಿದ್ದ ದೇಶದಲ್ಲಿಯೇ ಅಲ್ಲವೇ? ಐಗುಪ್ತದ ನಾರುಬಟ್ಟೆಯು ಲೋಕದಲ್ಲೆಲ್ಲಾ ಹೆಸರಾದದ್ದು. ಕರ್ತನು ದಾಸತ್ವವನ್ನು ಮುರಿದನು, ಕಲಿತ ವಿದ್ಯೆಯನ್ನು ಮುರಿಯಲಿಲ್ಲ. ಗುಡಾರದ ಎಲ್ಲಕ್ಕಿಂತ ಮೇಲಿನ ಹೊದಿಕೆಯು ಯಾವದು? ಕೆಂಪು ಬಣ್ಣ ಹಾಕಿದ ಟಗರಿನ ತೊಗಲು, ಅದರ ಮೇಲೆ ಮತ್ತೊಂದು ತೊಗಲು. ಬಂಗಾರವೆಲ್ಲಾ ಒಳಗಿತ್ತು, ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ತೊಗಲಿನವರ ಕೆಲಸ. ಪೇತ್ರನು ಯೊಪ್ಪದಲ್ಲಿ ಬಹುದಿನ ಇಳುಕೊಂಡದ್ದು ಸೀಮೋನನೆಂಬ ಚರ್ಮಕಾರನ ಮನೆಯಲ್ಲಿ. ಹೀಗೆ ಹೇಳುವದರಿಂದ, ಬಲವಂತದ ದುಡಿಮೆಗೆ ಯಾರಾದರೂ ತಿರುಗಿ ಹೋಗಲಿ ಎಂದು ತಿಳಿಯಬೇಡಿರಿ. ಊರವರ ಅಪ್ಪಣೆಗೆ ಮಾಡುವ ಜೀತವು ಬೇರೆ, ನಮ್ಮ ಮನಸ್ಸಿನಿಂದ ನಮ್ಮ ಕೈ ಮಾಡುವದು ಬೇರೆ. ಗುಡಾರಕ್ಕೆ ತಂದವರೆಲ್ಲಾ ಮನಃಪೂರ್ವಕವಾಗಿ ತಂದರೆಂದು ಆ ಅಧ್ಯಾಯವು ಮತ್ತೆ ಮತ್ತೆ ಹೇಳುವದು.

ನಮ್ಮ ಸಭೆಗಳ ಪೂರ್ವಿಕರೂ ಇಂಥ ಕಾಲವನ್ನು ದಾಟಿದವರು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ನಂಬಿಕೆಗೆ ಬಂದವರಲ್ಲಿ ಅನೇಕರು ಮನೆಮಾರು, ಗೇಣಿಯ ಭೂಮಿ, ಕುಲಕಸಬು ಇವುಗಳನ್ನು ಕಳಕೊಂಡರು. ಶೇಂದಿ ಇಳಿಸುತ್ತಿದ್ದವರು ಅದನ್ನು ಬಿಡಬೇಕಾಯಿತು. ಅವರಿಗೆ ಜೀವನೋಪಾಯವಾಗಬೇಕೆಂದು ಮಿಶನಿನವರು ನೇಯ್ಗೆಯನ್ನು ಆರಂಭಿಸಿದರು. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರನು ಬಂದ ಮೇಲೆ ಆ ಕೆಲಸವು ಬೆಳೆಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬವನು ಹೆಂಚಿನ ಕಾರ್ಖಾನೆಯನ್ನು ಕಟ್ಟಿದನು. ನೇತ್ರಾವತಿಯ ಮಣ್ಣಿನ ಹೆಂಚು ಕಡಲು ದಾಟಿ ಹೋಯಿತು. 1914ರ ಮಹಾಯುದ್ಧದಿಂದಾಗಿ ಆ ಉದ್ಯಮಗಳು ಮಿಶನಿನ ಕೈ ಬಿಟ್ಟುಹೋದವು. ಅಲ್ಲಿ ನಡೆದದ್ದು ಗಂಟೆ ಹೊಡೆದಾಗ ಹೋಗಿ ಗಂಟೆ ಹೊಡೆದಾಗ ಬರುವ ಕೂಲಿಯ ಕೆಲಸವೆಂಬದು ನಿಜ. ನಾವು ಇಲ್ಲಿ ಹೇಳುತ್ತಿರುವ ಮನೆಯ ಕೈಕೆಲಸಕ್ಕೂ ಅದಕ್ಕೂ ಅಂತರವುಂಟು. ಆದರೂ ಎಲ್ಲವನ್ನೂ ಕಳಕೊಂಡವನು ಒಂದು ವಿದ್ಯೆಯನ್ನು ಕಲಿತು ಸಂಜೆಗೆ ತಾನು ನೇಯ್ದ ಬಟ್ಟೆಯನ್ನು ಕಣ್ಣಾರೆ ನೋಡಿದ್ದು ಸಣ್ಣ ಸಂಗತಿಯಲ್ಲ.

ಸಮಯದ ಮಾತಿಗೆ ತಿರುಗಿ ಬರೋಣ. ಇದನ್ನು ಓದುವ ತಾಯಂದಿರು, “ನೀರು, ಸೌದೆ, ದನ, ಕೂಲಿ, ಮಕ್ಕಳು ಎಲ್ಲಾ ನಮ್ಮ ಮೇಲೆಯೇ ಇರುವಾಗ ಕಸೂತಿಯನ್ನೂ ಮಾಡೆಂದು ಹೇಳುತ್ತೀರಾ?” ಎಂದು ಕೇಳುವರು. ಅವರು ಕೇಳುವದು ನ್ಯಾಯವೇ. ಹೊರೆಯ ಮೇಲೆ ಹೊರೆ ಹೊರಿಸುವದು ನಮ್ಮ ಉದ್ದೇಶವಲ್ಲ. ಮಾತು ಅವರ ಗಂಡಂದಿರಿಗೂ ಬೆಳೆದ ಮಕ್ಕಳಿಗೂ ಸಲ್ಲತಕ್ಕದ್ದು: ವಾರಕ್ಕೆ ಎರಡು ಸಂಜೆ ಪಾತ್ರೆ ತೊಳೆದು ದನಕ್ಕೆ ಮೇವು ಹಾಕಿದರೆ ಆಕೆಗೆ ಒಂದು ತಾಸು ಸಿಕ್ಕುವದು. ಮತ್ತು ಬೆಚಲೇಲನ ಹೆಸರು ಬರುವ ಅದೇ 31ನೆಯ ಅಧ್ಯಾಯದಲ್ಲಿ, ಅದರ ಬೆನ್ನಿಗೇ, ಸಬ್ಬತ್ ದಿನದ ಆಜ್ಞೆಯುಂಟು. ದೇವರ ಗುಡಾರವೇ ಆದರೂ ಏಳನೆಯ ದಿನ ಉಳಿ ಸುತ್ತಿಗೆಗಳನ್ನು ಕೆಳಗಿಡಬೇಕು. ಜನರು ತಂದ ಸಾಮಾನು ಬೇಕಾದದ್ದಕ್ಕಿಂತ ಹೆಚ್ಚಾದಾಗ ಮೋಶೆಯು ಪಾಳೆಯದಲ್ಲಿ ಡಂಗುರ ಹೊಡಿಸಿ ಇನ್ನು ತರಬೇಡಿರೆಂದು ತಡೆದನು. ಕಾಣಿಕೆ ಸಾಕೆಂದು ಸಾರಿದ ಸಭಾಪಾಲಕನು ಅವನೊಬ್ಬನೇ ಇರಬೇಕು!

ಮಾರುವದಕ್ಕಾಗದ್ದನ್ನು ಮಾಡಿ ಏನು ಫಲ ಎಂಬ ಸಂದೇಹವೂ ಉಂಟು. ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಸಂಗಡ ಗುಡಾರ ಹೊಲಿದದ್ದು ಹೊಟ್ಟೆಪಾಡಿಗಾಗಿ. ಆ ದಂಪತಿಗಳೂ ರೋಮಾಪುರದಿಂದ ಆಗತಾನೇ ಹೊರದೂಡಲ್ಪಟ್ಟು ಬಂದವರು. ಪರಸ್ಥಳದಲ್ಲಿ ಅವರನ್ನೂ ಪೌಲನನ್ನೂ ಕೂಡಿಸಿದ್ದು ಒಂದೇ ಕಸಬು. ದೊರ್ಕಳಾದರೋ ಮಾರುವದಕ್ಕೆ ಹೊಲಿಯಲಿಲ್ಲ. ಆಕೆ ಸತ್ತಾಗ ವಿಧವೆಯರು ಪೇತ್ರನಿಗೆ ಅಳುತ್ತಾ ತೋರಿಸಿದ್ದು ಆಕೆ ಮಾಡಿಕೊಟ್ಟ ಅಂಗಿಗಳನ್ನೂ ಮೇಲು ಹೊದಿಕೆಗಳನ್ನೂ. ಎರಡಕ್ಕೂ ಸಭೆಯಲ್ಲಿ ಸ್ಥಳವುಂಟು.

ಬೆಚಲೇಲನಿಗೂ ಒಹೊಲೀಯಾಬನಿಗೂ ಮಾಡುವ ವರವಲ್ಲದೆ ಕಲಿಸುವ ವರವನ್ನೂ ಕೊಟ್ಟನೆಂದು 34ನೆಯ ವಚನದಲ್ಲಿ ಬರೆದದೆ. ನಮ್ಮ ಸಭೆಗಳಲ್ಲಿ ಕೌದಿಯ ಹೊಲಿಗೆ, ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಹೊಲಿಗೆಗಳು, ಚಾಪೆಯ ಹೆಣಿಗೆ ಇವುಗಳನ್ನು ಬಲ್ಲ ಮುದುಕಿಯರು ಇನ್ನೂ ಕೆಲವರಿದ್ದಾರೆ. ಅವರ ಕಣ್ಣು ಮಂಜಾಗುತ್ತಾ ಬಂದಿದೆ. ಮುಂದಿನ ಬೇಸಿಗೆಯ ರಜೆಯಲ್ಲಿ ಮಕ್ಕಳ ಸತ್ಯವೇದ ತರಗತಿ ನಡೆಸುವಾಗ, ಪಾಠ ಮುಗಿದ ಮೇಲೆ ಅಂಥ ಅಜ್ಜಿಯೊಬ್ಬಳನ್ನು ಕರಕೊಂಡು ಬಂದು ನಡುವೆ ಕೂಡ್ರಿಸಿರಿ. ಸೂಜಿಗೆ ದಾರ ಪೋಣಿಸಿಕೊಡುವ ಕೆಲಸವನ್ನು ಮಕ್ಕಳು ಮಾಡಲಿ. ಹುಡುಗರೂ ಕೂತುಕೊಳ್ಳಲಿ, ಒಹೊಲೀಯಾಬನು ಬುಟೇದಾರಿ ಹಾಕುವವನಾಗಿದ್ದನಷ್ಟೆ.