ಮುಚ್ಚಿದ ಕಿವಿಗೆ ಸಾಕ್ಷಿ ಯಾರು?

ಅಮೆರಿಕದ ಸ್ಯಾನ್ ಡಿಯೇಗೊ ನಗರದ ಡ್ಯಾನ್ ಕ್ಲಾರ್ಕ್ ಆಡಿಯೊ 2021ರಲ್ಲಿ ‘ಸ್ಟೆಲ್ತ್’ ಎಂಬ ಹೆಡ್‌ಫೋನನ್ನು ಹೊರತಂದಾಗ ಅದರ ಬೆಲೆ 3,999 ಡಾಲರ್. ಅದಕ್ಕೂ ಮೊದಲು, 2019ರಲ್ಲಿ, ಫ್ರಾನ್ಸಿನ ಫೋಕಲ್ ಕಂಪನಿ ತನ್ನ ‘ಸ್ಟೆಲಿಯಾ’ಕ್ಕೆ ಸುಮಾರು 3,000 ಡಾಲರ್ ಬೆಲೆ ಇಟ್ಟಿತ್ತು. 2018ರಲ್ಲಿ ಬಂದ ಜರ್ಮನಿಯ ಸೆನ್‌ಹೈಸರ್ ‘ಎಚ್‌ಡಿ 820’ರ ಆಗಿನ ಬೆಲೆ ಸುಮಾರು 2,400 ಡಾಲರ್. ಮೂರೂ ಕ್ಲೋಸ್ಡ್-ಬ್ಯಾಕ್ ಜಾತಿಯವು, ಅಂದರೆ ಕಿವಿಯ ಮೇಲೆ ಕೂರುವ ಬಟ್ಟಲಿನ ಬೆನ್ನು ಪೂರ್ತಿ ಮುಚ್ಚಿರುವಂಥವು. ಒಳ್ಳೆಯ ಮೋಟಾರ್ ಸೈಕಲ್ಲಿಗಾಗುವಷ್ಟು ಹಣ ಕೊಟ್ಟು ಇಂಥದೊಂದನ್ನು ತಲೆಗೇರಿಸಿಕೊಂಡವರು ಎರಡು ಹಾಡು ಕೇಳಿ “ಅದ್ಭುತವಾಗಿದೆ” ಎನ್ನುತ್ತಾರೆ. ಆ ಮಾತಿನಲ್ಲಿ ಅವರಿಗೆ ತಿಳಿದಿರುವುದೆಷ್ಟು, ಊಹೆಯೆಷ್ಟು?

ಪ್ರಶ್ನೆ ಅಂಗಡಿಯಲ್ಲಿ ಹುಟ್ಟಿದ್ದಾದರೂ ಅದರ ಬೇರು ಪ್ರಮಾಣಶಾಸ್ತ್ರದಲ್ಲಿದೆ. ಯಾವುದನ್ನು ನಿಜವಾಗಿ ತಿಳಿದೆವು ಎನ್ನಬಹುದು, ತಿಳಿದದ್ದು ಸರಿ ಎಂಬುದಕ್ಕೆ ಹೊಣೆ ಯಾರು ಎಂದು ಈ ನಾಡಿನ ದಾರ್ಶನಿಕರು ನೂರಾರು ವರ್ಷ ವಾದಿಸಿದ್ದಾರೆ. ಆ ವಾದದಲ್ಲಿ ಶಬ್ದಕ್ಕೂ ಕಿವಿಗೂ ದೊಡ್ಡ ಪಾಲಿದೆ.

ಮೊದಲು ಯಂತ್ರದ ಸಂಗತಿ. ಹೆಡ್‌ಫೋನಿನೊಳಗಿನ ತೆಳುಪೊರೆ ಕಂಪಿಸಿದಾಗ ಮುಂದಕ್ಕೆಷ್ಟು ಶಬ್ದ ಹೊರಡುತ್ತದೋ ಹಿಂದಕ್ಕೂ ಅಷ್ಟೇ ಹೊರಡುತ್ತದೆ. ಓಪನ್-ಬ್ಯಾಕ್ ಹೆಡ್‌ಫೋನಿನಲ್ಲಿ ಹಿಂದಿನ ಶಬ್ದ ಜಾಲರಿಯ ಮೂಲಕ ಹೊರಗೆ ಹೋಗಿಬಿಡುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಅದಕ್ಕೆ ದಾರಿಯಿಲ್ಲ. ಗೋಡೆಗೆ ಬಡಿದು ಮರಳಿ, ಪೊರೆಯನ್ನೇ ಹಾದು ಕಿವಿಗೆ ಬಂದು, ಕೆಲವು ಸ್ವರಗಳನ್ನು ಉಬ್ಬಿಸಿ ಕೆಲವನ್ನು ನುಂಗುತ್ತದೆ. ‘ಡಬ್ಬದೊಳಗೆ ಹಾಡಿದ ಹಾಗೆ’ ಎಂದು ಕೇಳುಗರು ದೂರುವುದು ಇದನ್ನೇ. ಸೆನ್‌ಹೈಸರ್ ತನ್ನ ಬಟ್ಟಲಿನ ಬೆನ್ನಿಗೆ ಒಳಮುಖವಾಗಿ ಬಾಗಿದ ಗಾಜನ್ನು ಕೂರಿಸಿ, ಹಿಂದಿನ ಶಬ್ದವನ್ನು ಹೀರುವ ಕೋಣೆಗಳತ್ತ ತಿರುಗಿಸಿತು. ಡ್ಯಾನ್ ಕ್ಲಾರ್ಕ್ ಪೊರೆಗೂ ಕಿವಿಗೂ ನಡುವೆ ಸಣ್ಣ ಸಣ್ಣ ನಾಳಗಳ ಒಂದು ಜಾಲವನ್ನೇ ಇಟ್ಟು ಬೇಡದ ಅನುರಣನವನ್ನು ಅಡಗಿಸಿತು. ಜಪಾನಿನ ಡೆನಾನ್ ‘ಎಎಚ್-ಡಿ9200’ರ ಬಟ್ಟಲಿಗೆ ಬಿದಿರನ್ನು ಆರಿಸಿಕೊಂಡಿತು. ಸಮಸ್ಯೆ ಒಂದೇ, ಉತ್ತರ ಬೇರೆ ಬೇರೆ.

ಶಬ್ದಕ್ಕೆ ಗೋಡೆ ಅಡ್ಡವಾಗುತ್ತದೆ ಎಂಬ ಈ ಸರಳ ಸಂಗತಿಯೇ ಒಂದು ಕಾಲಕ್ಕೆ ದೊಡ್ಡ ತಾತ್ತ್ವಿಕ ಅಸ್ತ್ರವಾಗಿತ್ತು. ಶಬ್ದವೆಂದರೆ ಆಕಾಶದ ಗುಣ, ಕಿವಿಯ ಕುಳಿಯೊಳಗೆ ಸಿಕ್ಕಿಕೊಂಡ ಆಕಾಶವೇ ಶ್ರವಣೇಂದ್ರಿಯ ಎಂದರು ವೈಶೇಷಿಕ ದರ್ಶನದವರು. ಜೈನರು ಒಪ್ಪಲಿಲ್ಲ. ಶ್ರವಣಬೆಳಗೊಳದ ಶಾಸನಗಳು ಕೊಂಡಾಡುವ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ, ನುಡಿಯೂ ಪುದ್ಗಲವೇ, ಅಂದರೆ ಭೌತ ದ್ರವ್ಯದ್ದೇ ಒಂದು ರೂಪ ಎಂದು ವಾದಿಸಿದರು. ಅವರು ಕೊಟ್ಟ ಕಾರಣಗಳು ಬೆರಗು ಹುಟ್ಟಿಸುವಷ್ಟು ನೇರವಾಗಿವೆ: ಅದನ್ನು ಭೌತವಾದ ಇಂದ್ರಿಯ ಹಿಡಿಯುತ್ತದೆ, ಭೌತವಾದ ವಸ್ತು ತಡೆಯುತ್ತದೆ, ಇನ್ನೊಂದು ಜೋರು ಸದ್ದು ಅದನ್ನು ಅಡಗಿಸುತ್ತದೆ. ರೂಪವಿಲ್ಲದ ಆಕಾಶದ ಗುಣಕ್ಕೆ ಈ ತಡೆ, ಈ ಸೋಲು ಹೇಗೆ ಬಂದೀತು?

ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ನಿಂತಿರುವುದು ಈ ಎರಡು ಸಂಗತಿಗಳ ಮೇಲೆಯೇ. ಹೊರಗಿನ ಸದ್ದನ್ನು ಬಟ್ಟಲು ತಡೆಯುತ್ತದೆ; ತಡೆದು ಉಳಿದ ಸದ್ದನ್ನು ಸಂಗೀತ ಅಡಗಿಸುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಪೂಜ್ಯಪಾದರ ತರ್ಕ ಇಂದಿನ ಧ್ವನಿಶಾಸ್ತ್ರದ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುತ್ತದೆ. ಹಾಗೆಂದು ವೈಶೇಷಿಕರ ಮಾತನ್ನು ಸುಮ್ಮನೆ ತಳ್ಳಿಹಾಕಬೇಕಿಲ್ಲ. ಕಿವಿಯ ಕುಳಿ ಬರೀ ದಾರಿಯಲ್ಲ, ಕೇಳುವ ಕ್ರಿಯೆಯಲ್ಲಿ ಅದಕ್ಕೂ ಪಾಲಿದೆ ಎಂಬ ಅವರ ಒಳನೋಟದಲ್ಲಿ ಹುರುಳಿದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳ 3,000 ಹರ್ಟ್ಸ್ ಆಸುಪಾಸಿನ ಶಬ್ದವನ್ನು ತಾನಾಗಿ ಎತ್ತಿ ಕೊಡುತ್ತದೆ. ಹಾಲೆಯ ಮಡಿಕೆ, ಕುಳಿಯ ಆಳ ಒಬ್ಬೊಬ್ಬರಿಗೆ ಒಂದೊಂದು ಬಗೆ. ಹಾಗಾಗಿ ಒಂದೇ ಹೆಡ್‌ಫೋನ್ ಇಬ್ಬರ ತಲೆಯ ಮೇಲೆ ಒಂದೇ ಶಬ್ದವನ್ನು ಕೊಡುವುದಿಲ್ಲ. ಇದು ರುಚಿಭೇದಕ್ಕೂ ಮೊದಲೇ ಇರುವ ಭೇದ.

ಹಾಗಾದರೆ “ಚೆನ್ನಾಗಿದೆ” ಎಂಬ ತೀರ್ಪು ಯಾರದು?

ಇಲ್ಲಿ ಹೆಚ್ಚು ನೆರವಾಗುವವರು ಮಧ್ವಾಚಾರ್ಯರು. ಉಡುಪಿಯ ಬಳಿಯ ಪಾಜಕದಲ್ಲಿ 13ನೇ ಶತಮಾನದಲ್ಲಿ ಹುಟ್ಟಿದ ಅವರು ಪ್ರತ್ಯಕ್ಷ ಜ್ಞಾನಕ್ಕೆ ಕಟ್ಟುನಿಟ್ಟಾದ ಕರಾರು ಹಾಕಿದರು: ದೋಷವಿಲ್ಲದ ಇಂದ್ರಿಯ ದೋಷವಿಲ್ಲದ ವಿಷಯವನ್ನು ಸಂಧಿಸಬೇಕು. ಅವರ ಮತವನ್ನು ‘ಪ್ರಮಾಣಪದ್ಧತಿ’ಯಲ್ಲಿ ಅಚ್ಚುಕಟ್ಟಾಗಿ ವಿವರಿಸಿದವರು ಜಯತೀರ್ಥರು. ಐದು ಇಂದ್ರಿಯ ಮತ್ತು ಮನಸ್ಸು, ಇವುಗಳ ಜೊತೆಗೆ ಮಧ್ವಮತದವರಾದ ದ್ವೈತಿಗಳು ಸಾಕ್ಷಿಯನ್ನು ಹೇಳುತ್ತಾರೆ. ಸಾಕ್ಷಿ ಜೀವಸ್ವರೂಪವೇ ಆದ ಇಂದ್ರಿಯ. ಸುಖವನ್ನೂ ದುಃಖವನ್ನೂ ಅದು ನೇರವಾಗಿ ಅರಿಯುತ್ತದೆ, ಆ ಅರಿವಿನಲ್ಲಿ ತಪ್ಪುವುದಿಲ್ಲ. ಹೊರಗಿನ ಇಂದ್ರಿಯಗಳೂ ಮನಸ್ಸೂ ಮೋಸಹೋಗಬಹುದು. ಹಗ್ಗ ಹಾವಾಗಿ ಕಂಡೀತು. ಆದರೆ ಹಾವೆಂದು ಕಂಡಾಗ ಆದ ಭಯ ಸುಳ್ಳಲ್ಲ.

ಈ ವಿಂಗಡಣೆಯನ್ನು ಹೆಡ್‌ಫೋನಿನ ಮುಂದೆ ಹಿಡಿದರೆ ಮಂಜು ಕರಗುತ್ತದೆ. “ನನಗೆ ಹಿತವಾಯಿತು” ಎಂಬುದು ಸಾಕ್ಷಿಯ ಮಾತು; ಅದನ್ನು ಪ್ರಶ್ನಿಸುವ ಹಕ್ಕು ಯಾವ ಅಳತೆಯಂತ್ರಕ್ಕೂ ಇಲ್ಲ. “ಈ ಹೆಡ್‌ಫೋನಿನ ನಾದದಿಂದ ಹಿತವಾಯಿತು” ಎಂಬುದು ಅನುಮಾನ, ಅಂದರೆ ಊಹಿಸಿ ತಿಳಿದದ್ದು. ಅದು ತಪ್ಪಬಹುದು. ಹಿತಕ್ಕೆ ಕಾರಣ ತುಸು ಜೋರಾಗಿದ್ದ ವಾಲ್ಯೂಮ್ ಆಗಿರಬಹುದು, ಕುರಿಚರ್ಮದ ಮೆತ್ತೆಯಾಗಿರಬಹುದು, ಕೊಟ್ಟ ಹಣವೇ ಆಗಿರಬಹುದು. ಆಡಿಯೊ ಜಗತ್ತಿನ ಮುಗಿಯದ ಜಗಳಗಳ ಮೂಲ ಇಲ್ಲಿದೆ: ಒಂದು ಪಂಗಡ ಹಿತದ ನಿಶ್ಚಯವನ್ನು ಕಾರಣಕ್ಕೂ ಹಚ್ಚುತ್ತದೆ, ಇನ್ನೊಂದು ಕಾರಣದ ಮೇಲಿನ ಸಂಶಯವನ್ನು ಹಿತಕ್ಕೂ ಹಚ್ಚುತ್ತದೆ. ಇಬ್ಬರೂ ತಪ್ಪುತ್ತಾರೆ.

ಕಾರಣದ ಊಹೆ ಎಷ್ಟು ಸುಲಭವಾಗಿ ಹಾದಿ ತಪ್ಪುತ್ತದೆ ಎಂಬುದಕ್ಕೆ ಆಧಾರಗಳಿವೆ. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಸ್ಪೀಕರ್‌ಗಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ಪರದೆಯ ಹಿಂದಿಟ್ಟು ಕೇಳಿಸಿದಾಗ ಕೊಟ್ಟ ಅಂಕಗಳು, ಸ್ಪೀಕರ್ ಕಣ್ಣಿಗೆ ಬಿದ್ದಾಗ ಬದಲಾದವು. ಗಾತ್ರ, ಅಂದ, ಹೆಸರು ಕಿವಿಯ ಕೆಲಸದಲ್ಲಿ ಕೈಹಾಕಿದ್ದವು. ಜೆರೋನ್ ಬ್ರೀಬಾರ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನವಂತೂ 283 ಹೆಡ್‌ಫೋನ್‌ಗಳನ್ನು ಅಳೆದು, ಬೆಲೆಗೂ ಸ್ವರಸಮತೋಲಕ್ಕೂ ಸಂಬಂಧ ಕಾಣುತ್ತಿಲ್ಲ ಎಂದಿತು.

ಹೆಡ್‌ಫೋನಿನಲ್ಲಿ ಇನ್ನೊಂದು ತೊಡಕಿದೆ. ಸ್ಪೀಕರನ್ನು ಪರದೆಯ ಹಿಂದೆ ಬಚ್ಚಿಡಬಹುದು. ತಲೆಯ ಮೇಲೆ ಕೂತದ್ದನ್ನು ಬಚ್ಚಿಡುವುದು ಹೇಗೆ? ಕಣ್ಣು ಕಟ್ಟಿದರೂ ಭಾರ ತಿಳಿಯುತ್ತದೆ, ಮೆತ್ತೆಯ ಸ್ಪರ್ಶ ತಿಳಿಯುತ್ತದೆ. ಹರ್ಮನ್ ಎಂಬ ಆಡಿಯೊ ಸಂಸ್ಥೆಯಲ್ಲಿ ಆಲಿವ್ ಮತ್ತು ಟಾಡ್ ವೆಲ್ಟಿ ಮೊದಲು ಕೇಳುಗರ ಬೆನ್ನ ಹಿಂದೆ ನಿಂತು ಒಂದೊಂದಾಗಿ ತೊಡಿಸಿ ನೋಡಿದರು. ಆಮೇಲೆ ಇನ್ನೂ ಒಳ್ಳೆಯ ದಾರಿ ಹುಡುಕಿದರು: ಬೇರೆ ಬೇರೆ ಹೆಡ್‌ಫೋನ್‌ಗಳ ಧ್ವನಿಗುಣವನ್ನು ಅಳೆದು, ಅದನ್ನೆಲ್ಲ ಒಂದೇ ಹೆಡ್‌ಫೋನಿನಲ್ಲಿ ಅನುಕರಿಸಿ ಕೇಳಿಸಿದರು. ತಲೆಯ ಮೇಲಿನ ಭಾರ ಬದಲಾಗದು, ನಾದ ಮಾತ್ರ ಬದಲಾಗುತ್ತದೆ. ಹಿತದಿಂದ ನಾದವನ್ನು ಬಿಡಿಸಿ ನೋಡಲು ಇಷ್ಟೊಂದು ಶ್ರಮ ಬೇಕಾಯಿತು. ಅಷ್ಟು ಮಾಡಿದ ಮೇಲೂ ಎಲ್ಲರೂ ಒಂದೇ ಮಾತಿಗೆ ಬರಲಿಲ್ಲ. ‘ಹರ್ಮನ್ ಕರ್ವ್’ ಎಂದು ಹೆಸರಾದ ಧ್ವನಿರೇಖೆಯನ್ನು ಮೆಚ್ಚಿದವರು ಶೇ 64. ಶೇ 15 ಮಂದಿಗೆ ಇನ್ನಷ್ಟು ಬಾಸ್ ಬೇಕು, ಶೇ 21 ಮಂದಿಗೆ ಅಷ್ಟು ಬೇಡ. ನಾದದ ವಿಚಾರದಲ್ಲಿ ಬಹುಮತವಿದೆ, ಸರ್ವಾನುಮತವಿಲ್ಲ. ಇದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಸಾಕ್ಷಿ ಪ್ರತಿ ಜೀವಕ್ಕೂ ಬೇರೆ ಎಂದ ದ್ವೈತಿಗಳಿಗೆ ಇದರಲ್ಲಿ ಅಚ್ಚರಿಯೂ ಇರುತ್ತಿರಲಿಲ್ಲ.

ಸೌಖ್ಯದ ಮಾತನ್ನು ವಿಮರ್ಶಕರು ಎರಡು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಎಚ್‌ಡಿ 820 ಸುಮಾರು 360 ಗ್ರಾಂ ತೂಗುತ್ತದೆ, ಸ್ಟೆಲ್ತ್ 415, ಸ್ಟೆಲಿಯಾ 435. ಅಂಕಿಯಲ್ಲಿ ಸಣ್ಣ ಅಂತರ. ಆದರೆ ಭಾರ ನೆತ್ತಿಯ ಒಂದೇ ಜಾಗದಲ್ಲಿ ಕೂತರೆ ಮುಕ್ಕಾಲು ಗಂಟೆಗೆ ಉರಿ ಶುರುವಾಗುತ್ತದೆ, ಅಗಲವಾದ ಪಟ್ಟಿಯ ಮೇಲೆ ಹರಡಿದರೆ ಮರೆತೇ ಹೋಗುತ್ತದೆ. ಬಟ್ಟಲುಗಳು ತಲೆಯನ್ನು ಒತ್ತುವ ಬಿಗಿ, ಹಾಲೆ ಒಳಗೋಡೆಗೆ ತಾಗುತ್ತದೆಯೇ ಎಂಬುದು, ಚರ್ಮದ ಮೆತ್ತೆಯೊಳಗೆ ಸೇರುವ ಸೆಕೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಬಟ್ಟಲು ತೊಟ್ಟವರಿಗೆ ಈ ಕೊನೆಯದನ್ನು ವಿವರಿಸಬೇಕಿಲ್ಲ.

ಸೌಖ್ಯವೂ ನಾದವೂ ಒಂದನ್ನೊಂದು ಹಿಡಿದಿರುವ ಕಡೆ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಮಧ್ವರ ಕರಾರಿನಲ್ಲಿ ವಿಷಯ, ಇಂದ್ರಿಯ, ಅವೆರಡರ ಸಂಧಿ ಎಂಬ ಮೂರು ನೆಲೆಗಳಿವೆ. ಕೆಟ್ಟ ಧ್ವನಿಮುದ್ರಣ ವಿಷಯದ ದೋಷ. ವಯಸ್ಸಾದಂತೆ ಮೇಲಿನ ಆವರ್ತನಗಳು ಕೇಳದಾಗುವುದು ಇಂದ್ರಿಯದ ದೋಷ. ಅರವತ್ತು ದಾಟಿದ ವಿಮರ್ಶಕ ಟ್ರೆಬಲ್ ಬಗ್ಗೆ ಬರೆದದ್ದನ್ನು ಇಪ್ಪತ್ತರ ಹುಡುಗಿ ಹಾಗೆಯೇ ನಂಬುವಂತಿಲ್ಲ. ಆದರೆ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನಿನಲ್ಲಿ ಹೆಚ್ಚು ಕೆಡುವುದು ಸಂಧಿಯೇ. ಮೆತ್ತೆ ಚರ್ಮಕ್ಕೆ ಪೂರ್ತಿ ಅಂಟಿ ಕೂತರೆ ಮಾತ್ರ ಕೆಳಗಿನ ಬಾಸ್ ನಿಲ್ಲುತ್ತದೆ. ಕನ್ನಡಕದ ಕಡ್ಡಿ ಸಣ್ಣ ಬಿರುಕು ಮಾಡಿದರೂ, ದಪ್ಪ ಜಡೆ ಅಡ್ಡ ಬಂದರೂ ಬಾಸ್ ಸೋರಿಹೋಗುತ್ತದೆ. ಬಿಗಿ ಹೆಚ್ಚಿದರೆ ಬಾಸ್ ಸರಿಹೋದೀತು, ದವಡೆ ನೊಂದೀತು. ನೋವನ್ನು ಕಡಿಮೆ ಮಾಡಲು ಸಡಿಲಿಸಿದರೆ ನಾದ ಬಡವಾಗುತ್ತದೆ. ಕನ್ನಡಕ ಹಾಕುವವರು “ಇದರಲ್ಲಿ ಬಾಸ್ ಇಲ್ಲ” ಎಂದಾಗ, ಕೇಳದಿದ್ದದ್ದು ನಿಜ, ಇಲ್ಲದಿರುವುದು ನಿಜವಲ್ಲ.

ಸಂಶಯ ಬಂದರೆ ಪರೀಕ್ಷೆ ಮಾಡು ಎನ್ನುತ್ತದೆ ದ್ವೈತ. ಪರೀಕ್ಷೆಯ ಸರಣಿ ಎಲ್ಲೋ ನಿಲ್ಲಬೇಕು, ಅದು ಸಾಕ್ಷಿಯಲ್ಲಿ ನಿಲ್ಲುತ್ತದೆ. ನಾದದ ಪರೀಕ್ಷೆಗೆ ಕನ್ನಡಿಗರ ಮನೆಯಲ್ಲೇ ಒಳ್ಳೆಯ ಸಾಧನವಿದೆ: ಮೃದಂಗ. ಸಾಮಾನ್ಯ ಚರ್ಮವಾದ್ಯದ ಮೇಲುಸ್ವರಗಳು ಮೂಲಸ್ವರಕ್ಕೆ ಹೊಂದುವುದಿಲ್ಲ. ಮೃದಂಗದ ಬಲಮುಖದ ಕರಣೆ ಎಂಬ ಕಪ್ಪು ಲೇಪ ಅವುಗಳನ್ನು ಹೊಂದಿಸಿ ಕೊಡುತ್ತದೆ. ಸಿ.ವಿ. ರಾಮನ್ 1920ರಲ್ಲಿ ಇದನ್ನು ಪ್ರಕಟಿಸಿದರು, 1934ರಲ್ಲಿ ಬೆಂಗಳೂರಿನಲ್ಲಿದ್ದುಕೊಂಡು ಮತ್ತಷ್ಟು ವಿಸ್ತರಿಸಿದರು. ಎಡಮುಖದ ಗುಮ್ಮೆನ್ನುವ ಪೆಟ್ಟು ಬಟ್ಟಲಿನ ಸೋರಿಕೆಯನ್ನು ಹೊರಗೆಡವುತ್ತದೆ, ಬಲಮುಖದ ಖಣಿಲು ಬಟ್ಟಲಿನ ಅನುರಣನವನ್ನು ಹೊರಗೆಡವುತ್ತದೆ. ಕಚೇರಿಯಲ್ಲಿ ಮೃದಂಗವನ್ನು ಹತ್ತಿರದಿಂದ ಕೇಳಿ ಬಲ್ಲವರಿಗೆ ಈ ಪರೀಕ್ಷೆ ಯಾವ ಪರದೇಶಿ ಪರೀಕ್ಷಾಗೀತೆಗೂ ಕಡಿಮೆಯಿಲ್ಲ.

ಕಿವಿ ಮುಚ್ಚುವುದನ್ನೇ ಅಂತರ್ಮುಖತೆ ಎಂದು ಮಾರುವ ಜಾಹೀರಾತುಗಳಿವೆ. ಹಠಯೋಗದಲ್ಲಿ ಬೆರಳಿನಿಂದ ಕಿವಿ ಮುಚ್ಚಿ ಒಳಗಿನ ನಾದವನ್ನು ಅನುಸರಿಸುವ ಸಾಧನೆ ಇದೆ ಎಂಬುದು ದಿಟ. ಅಲ್ಲಿ ಹೊರಗಿನಿಂದ ಏನೂ ಬರುವುದಿಲ್ಲ. ಇಲ್ಲಿ ಮುಚ್ಚಿದ ಕೋಣೆಗೆ ಇನ್ನೊಬ್ಬರ ಹಾಡನ್ನು ಕರೆದು ತರುತ್ತೇವೆ. ಹಾಡು ನಿಂತಾಗ ಕೇಳುವ ಸ್ವಂತ ಉಸಿರು, ಉಗುಳು ನುಂಗಿದ ಸದ್ದು ಮುಚ್ಚಿದ ಕಿವಿಯ ಭೌತಿಕ ಪರಿಣಾಮ. ಎರಡನ್ನೂ ಒಂದೆನ್ನುವುದು ಸಾಧನೆಗೂ ಗೌರವವಲ್ಲ, ಸಂಗೀತಕ್ಕೂ ಗೌರವವಲ್ಲ. ಮುಚ್ಚಿದ ಬಟ್ಟಲಿನ ನಿಜವಾದ ಉಪಕಾರ ಬೇರೆ: ಹೊರಗಿನ ಗದ್ದಲ ತಗ್ಗುವುದರಿಂದ ಕಡಿಮೆ ಸದ್ದಿನಲ್ಲಿ ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತವಾದ ಮಟ್ಟ 80 ಡೆಸಿಬೆಲ್. 90 ಡೆಸಿಬೆಲ್ ಆದರೆ ಆ ಅವಧಿ ನಾಲ್ಕೇ ಗಂಟೆಗೆ ಇಳಿಯುತ್ತದೆ.

ಇಷ್ಟು ದುಬಾರಿ ವಸ್ತುವನ್ನು ಕೊಳ್ಳಲು ಹೊರಟವರು ದಯವಿಟ್ಟು ಮೊದಲು ಹಾಡು ಹಾಕದೆ ಅದನ್ನು ಅರ್ಧ ಗಂಟೆ ತೊಟ್ಟು ಕೂರಬೇಕು, ಕನ್ನಡಕವಿದ್ದರೆ ಕನ್ನಡಕದೊಂದಿಗೇ. ನೋವಾದರೆ ಯಾವ ವಿಮರ್ಶೆಯನ್ನೂ ನಂಬದೆ ವಾಪಸು ಇಡಬೇಕು. ನಾದದ ಮಾತು ಬಂದಾಗ ಮಾತ್ರ ತಮ್ಮನ್ನೇ ಅಷ್ಟು ಬೇಗ ನಂಬಬಾರದು: ಎರಡು ಹೆಡ್‌ಫೋನ್‌ಗಳ ಸದ್ದಿನ ಮಟ್ಟವನ್ನು ಸಮ ಮಾಡಿ, ಬೆಲೆಯ ಚೀಟಿ ಕಾಣದಂತೆ, ಚೆನ್ನಾಗಿ ಬಲ್ಲ ಒಂದೇ ಕಚೇರಿಯನ್ನು ಎರಡರಲ್ಲೂ ಕೇಳಿಸೆಂದು ಅಂಗಡಿಯವರನ್ನು ಕೇಳಬೇಕು. ಅದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.