ಒಂದು ಗಿಡದ ಗುರುತು

ಮಾಘಮಾಸ ಇನ್ನೂ ಅರ್ಧ ಕಳೆದಿರಲಿಲ್ಲ. ಮದ್ದೂರಿನಲ್ಲಿ ರೈಲಿಳಿದು, ಅಲ್ಲಿಯ ವಡೆಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿ, ಮಳವಳ್ಳಿಯ ಬಸ್ಸು ಹತ್ತಿದ್ದೆ. ಕಾಳಮುದ್ದನದೊಡ್ಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ಕೆಟ್ಟು ನಿಂತಿತು. ಅರ್ಧ ಗಂಟೆಯಾಗುತ್ತದೆ ಎಂದರು. ಅನುಭವಸ್ಥರು ಆ ಮಾತಿನ ಅರ್ಥವನ್ನು ತಿಳಿದು ಮರದ ನೆರಳು ಹುಡುಕಿಕೊಂಡರು. ನಾನು ಗದ್ದೆಬಯಲಿನ ಕಡೆಗೆ ಹೆಜ್ಜೆ ಹಾಕಿದೆ.

ಆ ಗಿಡ ಕಣ್ಣಿಗೆ ಬಿದ್ದದ್ದು ಅಲ್ಲಿ. ಒಂದು ತೆವರಿಯ ಮೇಲೆ ಸಾಲಾಗಿ ಹದಿನೈದಿಪ್ಪತ್ತು ಇದ್ದುವು. ಬುಡದಲ್ಲೇ ಕವಲೊಡೆದು ಉದ್ದುದ್ದವಾಗಿ ಹೊರಟ ತೆಳ್ಳನೆಯ ಕೊಂಬೆಗಳು. ಅವುಗಳ ಮೇಲೆ ಒಂದೆಲೆಯಿಲ್ಲ. ಎಲೆಯಿರಬೇಕಾದೆಡೆಯಲ್ಲೆಲ್ಲ ಹೂವು. ಬಿಳಿಯೆನ್ನುವಂತಿಲ್ಲ, ಗುಲಾಬಿಯೆನ್ನುವಂತೆಯೂ ಇಲ್ಲ, ಎರಡರ ನಡುವಣ ಬಣ್ಣ. ಎಸಳಿನ ಬುಡದಲ್ಲಿ ಒಂದು ಹಳದಿ ಮಚ್ಚೆ. ಹೊಂಗೆಯಿರಬಹುದೇ ಎಂದುಕೊಂಡೆ. ಆದರೆ ಹೊಂಗೆಯ ಹೂವಿಗೆ ಇನ್ನೂ ಒಂದೆರಡು ತಿಂಗಳಿತ್ತು. ಸುತ್ತಲ ಬಯಲೆಲ್ಲ ಕೊಯ್ಲು ಮುಗಿಸಿ ಒಣಗಿ ಬಿದ್ದಿರುವಾಗ ಈ ಒಂದು ಸಾಲು ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ ಯುಗಾದಿಯನ್ನು ಮಾಡಿಕೊಂಡು ನಿಂತಿತ್ತು.

ಆಡು ಮೇಯಿಸುತ್ತಿದ್ದ ಹುಡುಗನೊಬ್ಬನನ್ನು ಕೇಳಿದೆ. "ಅದಾ? ಗೊಬ್ಬರದ್ ಗಿಡ ಕಣ್ ಸಾ" ಎಂದ.

ನಿಜ ಹೇಳುತ್ತೇನೆ, ನನಗೆ ನಿರಾಶೆಯಾಯಿತು. ಅಷ್ಟು ಹೂವಿಗೆ ಇಂಥ ಹೆಸರೇ! ಹುಡುಗನಿಗೆ ಗಿಡದ ಉಪಯೋಗ ಗೊತ್ತು, ಹೆಸರು ಗೊತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಒಂದು ಸಣ್ಣ ಕೊಂಬೆಯನ್ನು ಮುರಿದು, ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟುಕೊಂಡೆ. ಫೋನಿಗೆ ಚಿತ್ರ ತೋರಿಸಿದರೆ ಅದೇ ಹೆಸರು ಹೇಳುವ ಕಾಲವಿದು. ಆದರೂ ಮನುಷ್ಯರನ್ನು ಕೇಳಿ ತಿಳಿಯುವ ಹಳೆಯ ಚಾಳಿ ನನ್ನನ್ನು ಬಿಟ್ಟಿಲ್ಲ.

ನಮ್ಮ ನೈಯಾಯಿಕರು ಉಪಮಾನವೆಂಬ ಪ್ರಮಾಣವನ್ನು ವಿವರಿಸುವಾಗ ಒಬ್ಬ ಪಟ್ಟಣದವನನ್ನು ಕಾಡಿಗೆ ಕಳಿಸುತ್ತಾರೆ. ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಕಾಡಿನವನೊಬ್ಬನಿಂದ ಆತ ಮೊದಲೇ ಕೇಳಿರುತ್ತಾನೆ. ಕಾಡಿನಲ್ಲಿ ಹಸುವಿನಂಥದೊಂದು ಎದುರಾದಾಗ, ಗವಯವೆಂದರೆ ಇದೇ ಎಂದು ಅರಿಯುತ್ತಾನೆ. ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ಅರಿವೇ ಅಲ್ಲಿ ದೊರೆಯುವ ಫಲ. ಅದಕ್ಕಿಂತ ಹೆಚ್ಚಿನದನ್ನು ಶಾಸ್ತ್ರಕಾರರು ಹೇಳಿಕೊಂಡಿಲ್ಲ. ಅವರು ಎಚ್ಚರಿಕೆಯ ಜನ. ಆ ಪಟ್ಟಣದವನು ಹೆಸರನ್ನು ಹೊತ್ತು ಮೃಗವನ್ನು ಅರಸಿದ. ನಾನು ಹೂವನ್ನು ಹೊತ್ತು ಹೆಸರನ್ನು ಅರಸಿದೆ. ಸಂಬಂಧ ತಿಳಿದುಬಿಟ್ಟರೆ ಗಿಡವೇ ತಿಳಿದಂತೆ ಎಂಬ ಭ್ರಮೆ ನನ್ನದು.

ಮಂಡ್ಯದಲ್ಲಿರುವ ಮಿತ್ರರೊಬ್ಬರು ಸಸ್ಯಶಾಸ್ತ್ರದ ಅಧ್ಯಾಪಕರಾಗಿ ನಿವೃತ್ತರಾದವರು. ಪೊಟ್ಟಣ ಬಿಚ್ಚುತ್ತಲೇ ನಕ್ಕರು. ಹೂವಿನ ಐದು ಎಸಳುಗಳನ್ನು ಬಿಡಿಸಿಟ್ಟು, ಮೇಲಿನದೊಂದು ಬಾವುಟದಂತೆ, ಪಕ್ಕದವೆರಡು ರೆಕ್ಕೆಯಂತೆ, ಕೆಳಗಿನವೆರಡು ಕೂಡಿ ದೋಣಿಯಂತೆ ಇರುವುದನ್ನು ತೋರಿಸಿದರು. ಅವರೆ, ತೊಗರಿ, ಹೊಂಗೆಗಳ ಬಳಗ. ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಮನೆ ಕೊಟ್ಟು, ಅವುಗಳಿಂದ ಗಾಳಿಯ ಸಾರಜನಕವನ್ನು ಬಾಡಿಗೆಯಾಗಿ ಪಡೆಯುವ ಜಾಣ ವಂಶ. ಗಿಡ ಈ ದೇಶದ್ದಲ್ಲ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಅದರ ತವರು. ಆಸ್ಟ್ರಿಯದ ಜಾಕ್ವಿನ್ ಎಂಬ ಪಂಡಿತ 1760ರಲ್ಲಿ ಅದನ್ನು ಮೊದಲು ಪುಸ್ತಕಕ್ಕೆ ಸೇರಿಸಿದ. ಈಗಿನ ಶಾಸ್ತ್ರೀಯ ಹೆಸರು ಗ್ಲಿರಿಸಿಡಿಯ ಸೇಪಿಯಂ.

"ಹಾಗೆಂದರೇನು?" ಎಂದೆ. ಈಗಲಾದರೂ ಹೂವಿಗೆ ತಕ್ಕ ಅರ್ಥ ಬಂದೀತೆಂದು ಆಸೆ.

"ಇಲಿಗಳನ್ನು ಕೊಲ್ಲುವಂಥದು, ಬೇಲಿಗೆ ಆಗುವಂಥದು" ಎಂದರು.

ಆ ದೇಶದ ರೈತರು ಇದರ ತೊಗಟೆಯನ್ನೂ ಬೀಜವನ್ನೂ ಇಲಿಪಾಷಾಣವಾಗಿ ಬಳಸುತ್ತಿದ್ದರಂತೆ. ಸ್ಪ್ಯಾನಿಷ್ ಮಾತಿನಲ್ಲಿ ಇದಕ್ಕೆ ಇಲಿಗೊಲ್ಲಿ ಎಂದೇ ಒಂದು ಹೆಸರಿದೆ. ಲ್ಯಾಟಿನ್ ಹೆಸರಿನ ಅರ್ಥವೂ ಅದೇ. ಕೋಕೊ ತೋಟಕ್ಕೆ ನೆರಳಾಗಿ ನೆಟ್ಟವರು ಅದನ್ನು ಕೋಕೊದ ತಾಯಿ ಎಂದರು. ಮಲಯಾಳಿಗಳು ಸೀಮೆಯ ಕಕ್ಕೆ ಎಂಬರ್ಥದಲ್ಲಿ ಶೀಮಕ್ಕೊನ್ನ ಎಂದರು. ಅವರವರ ಗದ್ದೆ ತೋಟಗಳಿಗೆ ಬಂದ ಪರದೇಶಿಯನ್ನು ಅವರವರು ತಮಗೆ ತೋರಿದಂತೆ ಕರೆದರು. ಹಾಗಾದರೆ ಆಡಿನ ಹುಡುಗ ಹೇಳಿದ್ದರಲ್ಲಿ ತಪ್ಪೇನು? ಪಂಡಿತರು ಇಲಿಗೊಲ್ಲಿ ಎಂದರೆ ಶಾಸ್ತ್ರ, ನಮ್ಮವನು ಗೊಬ್ಬರದ ಗಿಡವೆಂದರೆ ಅಜ್ಞಾನವೆಂದುಕೊಂಡಿದ್ದೆ. ಅರ್ಥವಾಗದ ಭಾಷೆಯ ಮಾತೆಲ್ಲ ಗಂಭೀರವಾಗಿ ಕೇಳಿಸುವುದು ನಮ್ಮಂಥ ಓದಿದವರ ರೋಗ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇದೇ ಮದ್ದೂರು ಮಂಡ್ಯಗಳ ಹಾದಿಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ. ಟಿಪ್ಪು ಮಡಿದು ಒಂದು ವರ್ಷವಾಗಿತ್ತು. ಗೆದ್ದ ಸೀಮೆಯಲ್ಲಿ ಏನೇನಿದೆ, ಯಾವುದರಿಂದ ಎಷ್ಟು ಪ್ರಯೋಜನ ಎಂದು ನೋಡಿ ಬರಲು ಕಂಪೆನಿ ಸರ್ಕಾರ ಅವನನ್ನು ಕಳಿಸಿತ್ತು. ಸ್ವತಃ ಸಸ್ಯಪ್ರೇಮಿ, ಮರಗಿಡಗಳ ಹೆಸರನ್ನೂ ಉಪಯೋಗವನ್ನೂ ಹಳ್ಳಿಯವರಿಂದ ಕೇಳಿ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಆ ಪ್ರವಾಸ ಅಚ್ಚಾಯಿತು. ಗೊಬ್ಬರದ ಗಿಡ ಆಗಿನ್ನೂ ನಮ್ಮ ಸೀಮೆಗೆ ಬಂದಿರಲಿಲ್ಲ, ನಾಲೆಯೂ ಇರಲಿಲ್ಲ. ಕನ್ನಂಬಾಡಿಯ ಕಟ್ಟೆ ಎದ್ದು ವಿಶ್ವೇಶ್ವರಯ್ಯ ನಾಲೆಯಲ್ಲಿ ಕಾವೇರಿ ಹರಿದ ಮೇಲೆ, ರಾಗಿಯ ಹೊಲಗಳು ಗದ್ದೆಗಳಾದುವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಕಂಪೆನಿ ಹುಟ್ಟಿತು. ಗದ್ದೆಗೆ ನೀರು ಸಾಲದು, ಸೊಪ್ಪೂ ಬೇಕು. ಕೆಸರಿನಲ್ಲಿ ತುಳಿಯುವ ಸೊಪ್ಪಿಗೆ ಹೊಂಗೆಯ ಜೊತೆ ಈ ಪರದೇಶಿಯೂ ನಿಂತಿತು.

ನಾನು ಎದ್ದು ಹೊರಡುವಾಗ ಮಿತ್ರರು ಇನ್ನೊಂದು ಮಾತು ಹೇಳಿದರು. "ಇದು ಬಲಿತ ಕೊಂಬೆಯಲ್ಲಿ ಹೂ ಬಿಡುವ ಗಿಡ. ಸೊಪ್ಪಿಗೆಂದು ಹೊತ್ತುಹೊತ್ತಿಗೆ ಕಡಿಯುವವರ ಬದುವಿನಲ್ಲಿ ಹೂವು ಕಾಣುವುದೇ ಅಪರೂಪ. ಸಾಲೆಲ್ಲ ಹೂವಾಗಿತ್ತು ಎನ್ನುತ್ತೀರಿ. ಹಾಗಾದರೆ ಅದನ್ನು ಯಾರೂ ಕಡಿದಿಲ್ಲ."

ಈ ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ಹದಿನೈದು ದಿನದ ಮೇಲೆ ಮತ್ತೆ ಮಳವಳ್ಳಿಗೆ ಹೋಗುವಾಗ, ಬಸ್ಸು ಕೆಡದಿದ್ದರೂ, ಅಲ್ಲೇ ಇಳಿದೆ. ಹೂವು ಮುಕ್ಕಾಲು ಪಾಲು ಉದುರಿ ನೆಲ ಬೆಳ್ಳಗಾಗಿತ್ತು. ಕೊಂಬೆಗಳಲ್ಲಿ ಚಪ್ಪಟೆಯ ಹಸಿರು ಕಾಯಿ ಇಳಿಬಿದ್ದಿದ್ದುವು. ತೆವರಿಯ ಕೆಳಗೆ ಒಬ್ಬ ಮುದುಕಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದಳು.

"ಈ ಗದ್ದೆ ಯಾರದಜ್ಜಿ?" ಎಂದೆ.

"ನಮ್ದೇ ಕಣಪ್ಪ."

"ಗಿಡ ತುಂಬ ಚೆನ್ನಾಗಿ ಹೂ ಬಿಟ್ಟಿತ್ತು. ಹೋದ ಸಲ ಬಂದಾಗ ನೋಡಿದೆ."

ಅವಳು ಕುಡುಗೋಲು ಕೆಳಗಿಟ್ಟು ನನ್ನ ಮುಖ ನೋಡಿದಳು. "ಕಡಿಯೋರು ಇದ್ದಿದ್ರೆ ಯಾಕಪ್ಪ ಹೂ ಬಿಟ್ಟಾತು? ನಮ್ಮ ಯಜಮಾನ್ರು ನೆಟ್ಟ ಸಾಲು. ಅವರು ಹೋಗಿ ಎರಡು ವರ್ಷಾತು. ಮಗ ಬೆಂಗಳೂರಲ್ಲವ್ನೆ. ಗದ್ದೆ ಹಂಗೇ ಬಿದ್ದದೆ."

ನನಗೆ ಏನು ಹೇಳಲೂ ತೋಚಲಿಲ್ಲ. ಆ ದಿನ ನಾನು ಕಣ್ಣು ತುಂಬ ನೋಡಿ ಹಿಗ್ಗಿದ ಹೂವು ಅವಳ ಪಾಲಿಗೆ ದಾರಿಹೋಕರಿಗೆಲ್ಲ ಕಾಣುವಂತೆ ಬದುವಿನ ಮೇಲೆ ನಿಂತ ಸುದ್ದಿಯಾಗಿತ್ತು: ಈ ಮನೆಯಲ್ಲಿ ಮಚ್ಚು ಹಿಡಿಯುವ ಕೈ ಇಲ್ಲ ಎಂದು. ಊರವರು ಯಾರೂ ಅದನ್ನು ಓದಲು ಸಸ್ಯಶಾಸ್ತ್ರಜ್ಞರ ಬಳಿಗೆ ಹೋಗಬೇಕಾಗಿರಲಿಲ್ಲ. ಅಳುವವರ ಮನೆಯ ಮುಂದೆ ನಿಂತು ರಂಗೋಲಿ ಚೆನ್ನಾಗಿದೆ ಎಂದವನಂತೆ ನನಗೆ ನಾಚಿಕೆಯಾಯಿತು. ಆದರೆ ಹೂವು ಚೆನ್ನಾಗಿದ್ದದ್ದೂ ಸುಳ್ಳಲ್ಲವಲ್ಲ! ಅವಳ ದುಃಖ ತಿಳಿದ ಮೇಲೆ ಆ ಚೆಲುವನ್ನು ನನ್ನ ಕಣ್ಣಿನಿಂದ ತೆಗೆದುಹಾಕಲು ಪ್ರಯತ್ನಿಸಿದೆ, ಆಗಲಿಲ್ಲ. ತೆಗೆದುಹಾಕುವುದು ಧರ್ಮವೇ ಎಂಬುದೂ ನನಗೆ ತೀರ್ಮಾನವಾಗಲಿಲ್ಲ.

"ನಿಮಗೆ ಈ ಹೂವು ಕಂಡರೆ ಬೇಸರವೇ ಅಜ್ಜಿ?" ಎಂದು ಕೇಳಬಾರದ್ದನ್ನು ಕೇಳಿದೆ.

ಸ್ವಲ್ಪ ಹೊತ್ತು ಸಾಲನ್ನೇ ನೋಡಿದಳು. "ನಲವತ್ತು ವರ್ಷ ಇದರ ಸೊಪ್ಪು ಹೊತ್ತಿವ್ನಿ. ಇಷ್ಟು ಹೂ ಬಿಡ್ತದೆ ಅಂತ ನಂಗೂ ಗೊತ್ತಿರ್ನಿಲ್ಲ" ಎಂದಳು.

ಬಸ್ಸಿನ ಸದ್ದು ಕೇಳಿ ನಾನು ಹೊರಟಾಗ, ತಡೆದು, ಹೆಬ್ಬೆರಳು ಗಾತ್ರದ ಒಂದು ಕೊಂಬೆಯನ್ನು ಕುಡುಗೋಲಿನಿಂದ ಕಡಿದು ಕೊಟ್ಟಳು. "ನೆಟ್ಕಳಿ. ಕಡ್ಡಿ ನೆಟ್ರೂ ಬತ್ತದೆ."

ಬೆಂಗಳೂರಿಗೆ ತಂದು ಕಾಂಪೌಂಡಿನ ಮೂಲೆಯಲ್ಲಿ ನೆಟ್ಟೆ. ಮಳೆ ಹಿಡಿದ ಮೇಲೆ ಚಿಗುರಿ, ಈಗ ನನ್ನೆತ್ತರಕ್ಕೆ ಬಂದಿದೆ, ಮೈತುಂಬ ಸೊಪ್ಪು. ಗುಲಾಬಿಯ ಬುಡಕ್ಕೆ ಒಳ್ಳೆಯ ಗೊಬ್ಬರವಾದೀತು, ಒಂದಿಷ್ಟು ಕಡಿದುಕೊಡಿ ಎಂದು ನನ್ನ ಹೆಂಡತಿ ಎರಡು ವಾರದಿಂದ ಹೇಳುತ್ತಿದ್ದಾಳೆ. ನಾಳೆ ಕಡಿಯೋಣ ಎನ್ನುತ್ತಿದ್ದೇನೆ.