ಕೈಬಿಡದ ಒಬ್ಬರು



ಕಷ್ಟವು ಮಕ್ಕಳನ್ನು ಗಟ್ಟಿಗೊಳಿಸುತ್ತದೆಯೆಂಬ ಮಾತನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಕೆಲವೊಮ್ಮೆ ನಾವೇ ಆಡುತ್ತೇವೆ. ಅದು ಸತ್ಯವಾದರೆ, ನೊಂದ ಮಗುವಿನ ವಿಷಯದಲ್ಲಿ ನಮಗೆ ಕರ್ತವ್ಯವೇನೂ ಉಳಿಯುವುದಿಲ್ಲ. ಆದ್ದರಿಂದ ಇದನ್ನು ವಿವೇಚಿಸುವುದು ಅವಶ್ಯ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳ ಬಾಳನ್ನು ಎಮ್ಮಿ ವರ್ನರ್, ರೂತ್ ಸ್ಮಿತ್ ಎಂಬ ವಿದುಷಿಯರು ಆ ಮಕ್ಕಳಿಗೆ ನಲವತ್ತು ತುಂಬುವವರೆಗೂ ಗಮನಿಸುತ್ತ ಬಂದರು. ಅವರಲ್ಲಿ ಕೆಲವರ ಪಾಲಿಗೆ ಬಡತನ, ಗೃಹಕಲಹ, ತಂದೆತಾಯಿಗಳ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಸಂಕಟಗಳು ಒಟ್ಟಿಗೇ ಬಂದಿದ್ದವು. ಇಂಥವರಲ್ಲಿ ಸುಮಾರು ಮೂವರಿಗೆ ಇಬ್ಬರಂತೆ, ಹದಿನೆಂಟು ತುಂಬುವುದರೊಳಗೆ ಕಲಿಕೆಯಲ್ಲಿಯೋ ನಡತೆಯಲ್ಲಿಯೋ ಮನಃಸ್ವಾಸ್ಥ್ಯದಲ್ಲಿಯೋ ಎಡವಿದರು. ಕಷ್ಟವೇ ಗಟ್ಟಿಗೊಳಿಸುವಂತಿದ್ದರೆ ಹೀಗಾಗಬಾರದಿತ್ತು. ಉಳಿದವರು ಸಮರ್ಥರೂ ಅನ್ಯರಲ್ಲಿ ಕಾಳಜಿಯುಳ್ಳವರೂ ಆಗಿ ಬೆಳೆದರು. ಇವರಲ್ಲಿ ಹಲವರದು ಹುಟ್ಟಿನಿಂದಲೇ ಸೌಮ್ಯಸ್ವಭಾವ. ಅದರೊಂದಿಗೆ ಅಜ್ಜಿಯೋ, ಅಕ್ಕನೋ, ನೆರೆಯವರೋ, ಉಪಾಧ್ಯಾಯರೋ ಯಾರಾದರೊಬ್ಬರು ಅವರ ಕೈಬಿಟ್ಟಿರಲಿಲ್ಲ. ತಮ್ಮತಂಗಿಯರನ್ನು ನೋಡಿಕೊಳ್ಳುವಂಥ, ತನ್ನಿಂದಲೂ ಉಪಯೋಗವಿದೆಯೆಂಬ ಭಾವ ಮೂಡಿಸುವ ಹೊಣೆಯೂ ಅನೇಕರಿಗಿತ್ತು.

ಬಂಡೆಯ ಸೀಳಿನಲ್ಲಿ ಬೆಳೆದ ಆಲದ ಸಸಿಯನ್ನು ಕಂಡು ಬಂಡೆಯನ್ನು ಹೊಗಳುವವರುಂಟು. ಆ ಸೀಳಿನೊಳಗೆ ಹಿಡಿ ಮಣ್ಣಿತ್ತೆಂಬುದನ್ನು ನೋಡುವವರು ವಿರಳ. ಧೈರ್ಯವನ್ನು ಮಗುವಿನಿಂದ ಅಪೇಕ್ಷಿಸುವ ಮುನ್ನ ಆ ಹಿಡಿ ಮಣ್ಣನ್ನು ಒದಗಿಸುವುದು ಹಿರಿಯರ ಧರ್ಮ. ಮನೆಯಲ್ಲಿ ಹೊಡೆತ ತಿನ್ನುವ ಮಗುವಿಗೆ ‘ಸಹಿಸಿಕೋ’ ಎನ್ನುವುದು ಉಪದೇಶವಲ್ಲ, ಅಧರ್ಮ. ಅಲ್ಲಿ ಮೊದಲು ಹೊಡೆತ ನಿಲ್ಲಬೇಕು. 1098 ಎಂಬ ಮಕ್ಕಳ ಸಹಾಯವಾಣಿ ಇರುವುದು ಇದಕ್ಕಾಗಿಯೇ.

ಹಾಗಾದರೆ ಎಡವಿದವರ ಗತಿಯೇನು? ಕವಾಯಿಯಲ್ಲಿ ಹದಿಹರೆಯದಲ್ಲಿ ದಾರಿತಪ್ಪಿದವರಲ್ಲಿಯೂ ಬಹುಮಂದಿ ಮೂವತ್ತು ನಲವತ್ತರ ವಯಸ್ಸಿಗೆ ಮರಳಿ ನೆಲೆಗೊಂಡರು. ಮುಂದುವರಿದ ವಿದ್ಯೆ, ಸ್ಥಿರವಾದ ದಾಂಪತ್ಯ, ಶ್ರದ್ಧಾವಂತರ ಸಂಗ ಇವು ಅವರಿಗೆ ನೆರವಾದವು. ಆದ್ದರಿಂದ ಯಾವ ಹುಡುಗನನ್ನೂ ‘ಇವನು ಕೆಟ್ಟ’ ಎಂದು ತೀರ್ಮಾನಿಸಿ ಬಾಗಿಲು ಮುಚ್ಚುವ ಅಧಿಕಾರ ನಮಗಿಲ್ಲ.

ಪ್ರಸಾದನಿಲಯಗಳಲ್ಲಿದ್ದು ಓದಿದ ಹಿರಿಯ ವಿದ್ಯಾರ್ಥಿಗಳೇ, ಅನ್ನವಸತಿಗಳ ಜೊತೆಗೆ, ನಿಮ್ಮನ್ನು ಹೆಸರು ಹಿಡಿದು ಕರೆದು ‘ಉಂಡೆಯಾ?’ ಎಂದು ಕೇಳಿದ ಒಬ್ಬರು ನಿಮ್ಮ ನೆನಪಿನಲ್ಲಿರಬಹುದು. ಇಂದು ನೀವು ಆ ಒಬ್ಬರಾಗಬೇಕು. ಹಣ್ಣು, ಪುಸ್ತಕ ಹಂಚಿ ಮರಳುವುದು ಸುಲಭ. ಮುಂದಿನ ವಾರ ಬರುವೆನೆಂದು ಹೇಳಿ, ತಪ್ಪದೆ ಬರುವುದು ಕಠಿಣ. ಒಮ್ಮೆ ಕೈಬಿಡಲ್ಪಟ್ಟ ಮಗುವಿಗೆ ಮುರಿದ ಮಾತು ಮತ್ತೊಂದು ಗಾಯ. ನಡೆಸಬಲ್ಲಷ್ಟನ್ನೇ ನುಡಿಯಿರಿ, ನುಡಿದಷ್ಟನ್ನೂ ನಡೆಸಿರಿ. ಆ ಮಗು ಲೋಕವನ್ನು ನಂಬಲು ಕಲಿಯುವುದು ಅಲ್ಲಿಂದಲೇ.